ಕಡಪಾ ಕಲ್ಲಿನ ಮೇಲೆ ಕಲಿತದ್ದು

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಒಬ್ಬರ ನಡಿಗೆ ನೋಡಿಯೇ ಅವರ ಮನೆಯಲ್ಲಿ ಚರಕವಿದೆಯೋ ಇಲ್ಲವೋ ಹೇಳಬಹುದು. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆಯವರು ಪಾದವನ್ನು ಇಡಿಯಾಗಿ ಊರುತ್ತಾರೆ. ಹಿಮ್ಮಡಿ ಮೊದಲು, ಬೆರಳು ಆಮೇಲೆ ಎಂಬ ಭೇದ ಅವರಿಗಿಲ್ಲ. ಮೊಣಕಾಲು ತುಸು ಸಡಿಲ, ಸೊಂಟ ನೆಟ್ಟಗೆ. ಕಣ್ಣಿಗೆ ಕಾಣದ ತುಂಬಿದ ಕೊಡವೊಂದು ತಲೆಯ ಮೇಲಿರುವಂತೆ. ಬೆಂದ ಗೂಡು ಬಿಡುವ ಅಂಟುನೀರು ನೆಲದ ಕಡಪಾ ಕಲ್ಲಿನ ಮೇಲೆ ದಿನವಿಡೀ ಹರಿಯುತ್ತಿರುತ್ತದೆ. ಆ ಕಲ್ಲಿನ ಪಕ್ಕದಲ್ಲೇ ಬಿಸಿನೀರಿನ ತೊಟ್ಟಿಗಳ ಸಾಲು. ನಡುವಿನ ಕಿರಿದಾದ ದಾರಿಯಲ್ಲಿ ವಾಲಿದವರು ಬೀಳುತ್ತಾರೆ, ಬಿದ್ದವರು ಬೇಯುತ್ತಾರೆ.

ನನ್ನ ಹೆಂಡತಿ ಓಬಳಮ್ಮ ಹಾಗೆ ಬಿದ್ದವಳು. ಮದುವೆಯಾಗಿ ಬಂದ ಹೊಸತು. ಅವಳ ಎಡಗೈಯ ಚರ್ಮ ಇಂದಿಗೂ ಒಣಗಿದ ಹಿಪ್ಪುನೇರಳೆ ಎಲೆಯಂತೆ ಸುಕ್ಕುಗಟ್ಟಿದೆ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿಕೊಂಡು ಕಾಲ ಕಳೆದವನು. ಚರಕದ ಮನೆಯನ್ನು ನಡೆಸಿದವಳು ಅವಳು. ಈಗ ಅದನ್ನು ನಮ್ಮ ಮಗ ಮುರಳಿಮೋಹನ್ ನೋಡಿಕೊಳ್ಳುತ್ತಾನೆ. ಅವನ ಮಗಳು ಹರಿತಾ ಮೊದಲ ಹೆಜ್ಜೆ ಇಡುವಾಗ ಬೆರಳು ಹಿಡಿದವಳು ಓಬಳಮ್ಮನೇ. ಉಳಿದ ಮಕ್ಕಳು ಬಿದ್ದು ಎದ್ದು ನಡೆಯುವುದನ್ನು ಕಲಿಯುತ್ತವೆ. ನಮ್ಮ ಮೊಮ್ಮಗಳು ಬೀಳದೆಯೇ ಕಲಿತಳು. ಅದು ನಮ್ಮ ಮನೆಯ ಹೆಮ್ಮೆಯಾಗಿತ್ತು.

ಐಸ್ ಹಾಕಿ ಎಂಬ ಮಾತು ಮನೆಗೆ ಬಂದದ್ದು ಚಿಕ್ಕಬಳ್ಳಾಪುರದ ಸುನೀಲ್‌ಕುಮಾರನಿಂದ. ಅಲ್ಲಿನ ಸಿಮೆಂಟಿನ ಅಂಗಳವೊಂದರಲ್ಲಿ ಅವನು ಮಕ್ಕಳಿಗೆ ನಾಲ್ಕು ಗಾಲಿಯ ಸ್ಕೇಟು ಕಟ್ಟಿಸಿ ಹಾಕಿ ಆಡಿಸುತ್ತಿದ್ದ. ಹರಿತಾ ಅಲ್ಲಿಗೆ ಭಾನುವಾರಗಳಂದು ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಒಂದು ದಿನ ಅವನೇ ನಮ್ಮ ಮನೆಗೆ ಬಂದ. ಚರಕದ ಮನೆಯ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟನೋ ಇಲ್ಲವೋ, ಬೂಟು ಜಾರಿ, ಬಾಗಿಲ ಚೌಕಟ್ಟನ್ನು ಎರಡು ತೋಳಿನಿಂದಲೂ ತಬ್ಬಿಕೊಂಡ.

ತೊಟ್ಟಿಯ ಮುಂದೆ ಕುಳಿತಿದ್ದ ಆಂಜಿನಮ್ಮ ಕೈಯ ಎಳೆ ಬಿಡದೆಯೇ ಹೇಳಿದಳು: "ಬಾಗ್ಲು ಗಟ್ಟಿ ಐತೆ ಬಿಡಿ ಸಾರ್. ಎಂತೆಂಥ ಸಾಹೇಬ್ರೆಲ್ಲಾ ತಬ್ಕೊಂಡವ್ರೆ ಅದ್ನ."

ಹೆಂಗಸರು ನಕ್ಕರು. ಅದೇ ಹೊತ್ತಿಗೆ ಹರಿತಾ ಒಂದು ಕೈಯಲ್ಲಿ ಟೀ ಲೋಟಗಳ ತಟ್ಟೆ, ಇನ್ನೊಂದರಲ್ಲಿ ಫೋನು ಹಿಡಿದು, ಕಣ್ಣನ್ನು ಫೋನಿನಿಂದ ಎತ್ತದೆ, ಆ ಒದ್ದೆ ಕಲ್ಲಿನ ಮೇಲೆ ಉದ್ದಕ್ಕೂ ನಡೆದು ಬಂದಳು. ಟೀ ಅಲುಗಲಿಲ್ಲ.

ಸುನೀಲ್‌ಕುಮಾರ್ ಚೌಕಟ್ಟನ್ನು ಬಿಡದೆಯೇ ನೋಡಿದ. "ಹರಿತಾ, ಇನ್ನೊಂದ್ಸಲ ನಡಿ."

"ಎಲ್ಲಿಗೆ ಸರ್?"

"ಎಲ್ಲಿಗಾದ್ರೂ. ಸುಮ್ನೆ ನಡಿ."

ಅವಳು ನಡೆದಳು. ಆಮೇಲೆ ಅವನು ಮುರಳಿಯ ಕಡೆ ತಿರುಗಿ ವಿಷಯ ಹೇಳಿದ. ಹದಿನೆಂಟರೊಳಗಿನ ಹುಡುಗಿಯರ ಐಸ್ ಹಾಕಿ ತಂಡವೊಂದನ್ನು ರಾಜ್ಯದಿಂದ ಕಟ್ಟುತ್ತಿದ್ದಾರೆ. ಆಯ್ಕೆಯಾದವರು ಲಡಾಖಿಗೆ ಹೋಗಿ ಆಡುತ್ತಾರೆ. ಆಯ್ಕೆ ಬೆಂಗಳೂರಿನ ಮಾಲೊಂದರ ಒಳಗಿರುವ ಸಣ್ಣ ಐಸ್ ಅಂಗಳದಲ್ಲಿ. ಅದು ಕೆಟ್ಟು ನಿಂತಿದೆ, ಆಯ್ಕೆಯ ದಿನಕ್ಕಷ್ಟೇ ಸರಿಮಾಡುತ್ತಾರಂತೆ. ಅಲ್ಲಿಯವರೆಗೆ ಯಾರಿಗೂ ಐಸ್ ಸಿಗುವುದಿಲ್ಲ. ಎಲ್ಲರೂ ನೆಲದ ಮೇಲೆಯೇ ಕಲಿತು ಹೋಗಬೇಕು.

"ಬ್ಯಾಲೆನ್ಸ್ ಕಲ್ಸೋಕೆ ಆಗಲ್ಲ ಅಂಕಲ್, ಅದು ಇರ್ಬೇಕು ಅಷ್ಟೆ," ಎಂದ. "ಐಸ್ ಮೇಲೆ ಎಲ್ಲಾರೂ ಬೀಳೋದು ಅದಿಲ್ದೇನೇ. ನಿಮ್ಮನೇಲಿ ಅದು ಹುಟ್ಟಿಂದ್ಲೇ ಬಂದ್ಬಿಟ್ಟಿದೆ."

ಓಬಳಮ್ಮ ಮೂಲೆಯಿಂದ ಕೇಳಿದಳು: "ಅಲ್ಲಿ ಬಿಸಿನೀರು ಇರಲ್ವಾ?"

"ಇಲ್ಲ ಅಜ್ಜಿ, ಎಲ್ಲಾ ತಣ್ಣಗಿರುತ್ತೆ."

"ಹಂಗಾದ್ರೆ ಹೋಗ್ಲಿ ಬಿಡು."

ಸಂಜೆ ನನ್ನ ಪಕ್ಕ ಜಗಲಿಯಲ್ಲಿ ಕುಳಿತಾಗ ಹರಿತಾ ಹೇಳಿದಳು: "ತಾತ, ನೀರು ಗಟ್ಟಿಯಾಗಿ ನಿಂತಿರೋದನ್ನ ನೋಡ್ಬೇಕು. ಇಲ್ಲಿ ಬರೀ ಕುದಿಯೋದನ್ನೇ ನೋಡಿದೀನಿ." ಮುಂದಿನ ಆಯ್ಕೆಯ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ. ಅದೊಂದೇ ಬಾಗಿಲು, ಅದೂ ಅರೆತೆರೆದದ್ದು.

ತರಬೇತಿ ಶುರುವಾಯಿತು. ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂರುವುದು, ಗೂಡು ತುಂಬುವ ಖಾಲಿ ಕ್ರೇಟುಗಳನ್ನು ಒಂಟಿಕಾಲಲ್ಲಿ ಹಾರುವುದು, ಬೋರಲು ಹಾಕಿದ ಬಕೆಟ್ಟುಗಳ ನಡುವೆ ಹಾಕಿ ಕೋಲಿನಿಂದ ಮರದ ಚೆಂಡನ್ನು ಹೊರಳಿಸುವುದು. ಚೆಂಡನ್ನು ನೋಡದೆ ಆಡಬೇಕು, ತಲೆ ಎತ್ತಿಯೇ ಇರಬೇಕು. ಅದಕ್ಕಾಗಿ ನಾನು ಎದುರಿಗೆ ಸ್ಟೂಲಿನ ಮೇಲೆ ಕುಳಿತು ಬೆರಳು ತೋರಿಸುತ್ತಿದ್ದೆ, ಅವಳು ಆಡುತ್ತಲೇ ಎಷ್ಟೆಂದು ಕೂಗುತ್ತಿದ್ದಳು. ಸಂಧಿವಾತದಿಂದ ನನ್ನ ಉಂಗುರದ ಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ.

"ತಾತ, ಆ ಬಗ್ಗಿರೋದನ್ನ ಅರ್ಧ ಅಂತ ಎಣಿಸ್ಲಾ?"

"ಅದು ಪ್ರಶ್ನಾರ್ಥಕ ಚಿಹ್ನೆ ಕಣಮ್ಮ. ಅದನ್ನ ಬಿಟ್ಟು ಎಣಿಸು."

ಒಂದು ವಾರ ಸುನೀಲ್‌ಕುಮಾರ್ ಮುರಳಿಯ ಫೋನಿಗೆ ವಿಡಿಯೊ ಒಂದನ್ನು ಕಳಿಸಿದ. ಯಾವುದೋ ಶೀತದೇಶದ ಹುಡುಗಿ ಕಾಲುಚೀಲ ಹಾಕಿಕೊಂಡು ನುಣುಪಾದ ಹಲಗೆಯ ಮೇಲೆ ಎಡಕ್ಕೂ ಬಲಕ್ಕೂ ಜಾರುತ್ತಿದ್ದಳು. ಐಸ್ ಮೇಲೆ ಓಡುವುದನ್ನು ಮನೆಯಲ್ಲಿ ಕಲಿಯುವ ಬಗೆ ಇದು ಎಂದು ಅವನು ಬರೆದಿದ್ದ. ಹಲಗೆಯ ಎರಡು ತುದಿಯಲ್ಲೂ ಒಂದೊಂದು ದಪ್ಪ ಮರದ ತುಂಡನ್ನು ಅಡ್ಡಲಾಗಿ ಬಡಿದಿತ್ತು.

"ಹಲಗೆ ಯಾಕೆ? ನಮ್ದು ಇಡೀ ಮನೇನೇ ಹಲಗೆ," ಎಂದ ಮುರಳಿ.

ಹರಿತಾ ಪರದೆಯ ಮೇಲೆ ಬೆರಳಿಟ್ಟಳು. "ಈ ಮರದ ತುಂಡು ಯಾಕಪ್ಪ?"

ಅವನು ಇನ್ನೊಮ್ಮೆ ನೋಡಿದ. "ಜಾರಿ ಆಚೆ ಬೀಳ್ದಿರ್ಲಿ ಅಂತ. ಅವ್ರಿಗೆ ಜಾರೋ ನೆಲ ಅಭ್ಯಾಸ ಇರಲ್ವಲ್ಲ. ನಿಂಗ್ಯಾಕಮ್ಮ ಅದು? ನೀನು ನಿಲ್ಬೇಕು ಅಂದ ಕಡೆ ನಿಲ್ತೀಯ."

ಅಲ್ಲಿದ್ದ ಎಲ್ಲರಿಗೂ ಅದು ಸರಿಯಾಗಿಯೇ ಕಂಡಿತು. ಜಾರುವ ನೆಲದ ತುದಿಯಲ್ಲಿ ಒಂದು ತಡೆ ಇದೆಯೆಂದರೆ ಅದು ಬೀಳುವವರಿಗಾಗಿ ಅಲ್ಲದೆ ಇನ್ನೇತಕ್ಕೋ ಇದ್ದೀತು ಎಂದು ಕುದಿಯುವ ತೊಟ್ಟಿಗಳ ಪಕ್ಕ ಬದುಕಿದ ನಮಗೆ ಹೊಳೆಯುವ ಬಗೆಯೇ ಇರಲಿಲ್ಲ.

ಚರಕ ನಿಂತು ತೊಟ್ಟಿಗಳು ಆರಿದ ಮೇಲೆ ಮುರಳಿ ಉಳಿದ ಅಂಟುನೀರನ್ನು ನೆಲಕ್ಕೆ ಹರಡುತ್ತಿದ್ದ. ಹರಿತಾ ಕಾಲುಚೀಲ ಹಾಕಿ, ಗೋಡೆಯ ಬಳಿಯಿಂದ ಒಂದೇ ಒಂದು ಓಟ ತೆಗೆದು, ಬಾಗಿಲವರೆಗೆ ಜಾರಿಬರುತ್ತಿದ್ದಳು. ಅಮಾನಿಕೆರೆಯ ಮೇಲೆ ಇಳಿಯುವ ಬೆಳ್ಳಕ್ಕಿ ಕೊನೆಯ ಗಳಿಗೆಯಲ್ಲಿ ತನ್ನ ವೇಗವನ್ನೆಲ್ಲ ತನ್ನೊಳಗೇ ಮಡಿಸಿಟ್ಟುಕೊಳ್ಳುವ ಹಾಗೆ, ನೆಟ್ಟಗೆ, ಸದ್ದಿಲ್ಲದೆ ನಿಲ್ಲುತ್ತಿದ್ದಳು. "ನೇರ, ನೇರ," ಎಂದು ಮುರಳಿ ಮೆಲ್ಲಗೆ ಹೇಳುತ್ತಿದ್ದ, ಕುದುರೆಯನ್ನು ಸವರಿ ಮಾತಾಡಿಸುವವನಂತೆ. ಅವಳ ದೇಹ ಒಂದು ಕಡೆ ಇಷ್ಟು ವಾಲಿದರೂ ಕಾಲು ತಾನಾಗಿ ಅದನ್ನು ತಿದ್ದುತ್ತಿತ್ತು. ಬೀದಿಯವರು ನೋಡಲು ಬರುತ್ತಿದ್ದರು.

"ಈ ಮಗು ಬಿದ್ರೆ ನಾನು ತಲೆ ಬೋಳಿಸ್ಕೊಂತೀನಿ," ಎಂದಳು ಆಂಜಿನಮ್ಮ.

"ಬೋಳಿಸ್ಕೊಂಡ್ರೆ ನಿನ್ನ ಗಂಡ ಗುರುತು ಹಿಡೀಬೇಕಲ್ಲ," ಎಂದಳು ಓಬಳಮ್ಮ.

"ಕೂದ್ಲಿರೋವಾಗ್ಲೇ ಹಿಡಿಯಲ್ಲ ಬಿಡಕ್ಕ."

ಮುರಳಿ ಆ ನಿಲುವನ್ನು ಚಿತ್ರೀಕರಿಸಿ ಸುನೀಲ್‌ಕುಮಾರನಿಗೆ ಕಳಿಸಿದ. ಅವನಿಂದ ಹೆಬ್ಬೆರಳು ಎತ್ತಿದ ಚಿತ್ರಗಳ ಸಾಲೇ ಬಂತು. ಅವನೂ ಐಸ್ ಮೇಲೆ ನಿಂತವನಲ್ಲ. ಪರದೆಯಲ್ಲಿ ಕಂಡದ್ದನ್ನು ಪ್ರಾಮಾಣಿಕವಾಗಿ ಕಲಿಸುತ್ತಿದ್ದ.

ಆಯ್ಕೆಯ ದಿನ ಬಂತು. ಚಿಂತಾಮಣಿಯ ಶಾಲೆಯೊಂದರಲ್ಲಿ ಪಾಠ ಮಾಡುವ ಸೊಸೆ ಶೋಭಾರಾಣಿಗೆ ಪರೀಕ್ಷೆಯ ಕೆಲಸವಿತ್ತು; ಓಬಳಮ್ಮ ಚರಕ ಬಿಟ್ಟು ಬರುವಂತಿರಲಿಲ್ಲ. ಮುರಳಿ, ಹರಿತಾ, ನಾನು ಗೂಡು ಸಾಗಿಸುವ ವ್ಯಾನಿನಲ್ಲೇ ಹೊರಟೆವು. ಬೆಂದ ಹುಳುವಿನ ವಾಸನೆ ನಮ್ಮ ಬಟ್ಟೆಯಲ್ಲಿದ್ದಿರಬೇಕು; ಮಾಲಿನ ಲಿಫ್ಟಿನಲ್ಲಿ ನಮ್ಮ ಸುತ್ತ ಸ್ವಲ್ಪ ಜಾಗ ತಾನಾಗಿ ತೆರವಾಯಿತು.

ಐಸ್ ಅಂಗಳದ ಸುತ್ತ ಎದೆಮಟ್ಟದ ತಡೆಗೋಡೆ, ಅದರ ಮೇಲೆ ಗಾಜು. ಸುನೀಲ್‌ಕುಮಾರ್ ತನ್ನ ಬಳಿ ಕಲಿಯುವ ಬೇರೆ ಹುಡುಗಿಯರ ಜೊತೆ ಆಗಲೇ ಅಲ್ಲಿದ್ದ. ಚಳಿ ಅಲ್ಲಿ ಗಾಳಿಯಿಂದ ಬರುತ್ತಿರಲಿಲ್ಲ. ನೆಲದಿಂದ, ಯಾವುದೋ ಹಳೆಯ ಮೌನದಂತೆ ಮೇಲೇಳುತ್ತಿತ್ತು. ಹರಿತಾ ಬಾಡಿಗೆಯ ಸ್ಕೇಟು ಕಟ್ಟಿಕೊಂಡು ಒಳಗೆ ಹೋದಳು. ಕ್ಷಣ ನಿಂತು, ಬಗ್ಗಿ, ಕೈಗವಸು ತೆಗೆದು ಐಸ್ ಮುಟ್ಟಿ ನೋಡಿದಳು.

ಉಳಿದ ಹುಡುಗಿಯರಿಗೂ ಅದು ಮೊದಲ ಸಲವೇ. ಅವರು ಬಿದ್ದರು. ಪಕ್ಕಕ್ಕೆ, ಹಿಂದಕ್ಕೆ, ಒಬ್ಬರ ಮೇಲೊಬ್ಬರು. ಎಲ್ಲರಿಗಿಂತ ಹೆಚ್ಚು ಬಿದ್ದವಳು ಗೌರಿಬಿದನೂರಿನ ತನುಜ. ಅವಳ ತಾಯಿ ಕವಿತ ನನ್ನ ಪಕ್ಕದಲ್ಲೇ ನಿಂತಿದ್ದಳು.

"ನಮ್ಮೋಳು ಮನೇಲೂ ಹಿಂಗೇ ಸರ್. ಗೋಡೆ ಸುಣ್ಣ ಎಲ್ಲಾ ಇವ್ಳ ಭುಜಕ್ಕೇ ಬಂದೈತೆ."

ಹರಿತಾ ಮಾತ್ರ ಬೀಳಲಿಲ್ಲ. ಅಷ್ಟು ಜನರ ನಡುವೆ ಅವಳೊಬ್ಬಳೇ ನೆಟ್ಟಗೆ, ಗುಡಿಯ ಮುಂದಿನ ದೀಪಸ್ತಂಭದ ಹಾಗೆ ನಿಂತು, ಮೆಲ್ಲಗೆ ಮುಂದೆ ಸರಿದಳು. ಮುರಳಿ ಫೋನು ಎತ್ತಿ ಹಿಡಿದಿದ್ದ. "ನೋಡ್ದಾ ಅಪ್ಪ, ಒಂದ್ಸಲಾನೂ ಬೀಳ್ಲಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದ.

ಆಯ್ಕೆ ಮಾಡುವವಳು ಯಾಮಿನಿ ಎಂಬಾಕೆ, ಹಿಮದ ನಾಡಿನಲ್ಲಿ ಅನೇಕ ವರ್ಷ ಆಡಿದವಳು. ಅವಳು ಕೇಸರಿ ಬಣ್ಣದ ಗೂಟಗಳನ್ನಿಟ್ಟು, ಅವುಗಳ ಸುತ್ತ ತಿರುಗಿ ಬರಲು ಹೇಳಿದಳು. ಆಗ ನಾನು ನೋಡಿದೆ. ಹರಿತಾ ಕಾಲಿನಿಂದ ತಳ್ಳಿದಷ್ಟೂ ಅದು ಬದಿಗೆ ಜಾರಿಹೋಗುತ್ತಿತ್ತು, ದೇಹ ಮುಂದಕ್ಕೆ ಹೋಗುತ್ತಿರಲಿಲ್ಲ. ಗೂಟದ ಬಳಿ ಬಂದಾಗ ಉಳಿದವರು ಒಂದು ಕಡೆ ವಾಲಿ, ಬಿದ್ದೋ ಬೀಳದೆಯೋ ಹೇಗೋ ತಿರುಗುತ್ತಿದ್ದರು. ಇವಳು ನೇರವಾಗಿ ಸಾಗಿ, ಗೂಟವನ್ನು ದಾಟಿ, ತಡೆಗೋಡೆಯನ್ನು ಕೈಯಲ್ಲಿ ಹಿಡಿದು ನಿಂತಳು. ಚೆಂಡಿನ ಬದಲು ಇಲ್ಲಿ ಆಡುವ ರಬ್ಬರಿನ ಬಿಲ್ಲೆ ಅವಳ ಕಡೆ ಬಂದಾಗ ತಲೆ ತಗ್ಗಿಸದೆಯೇ ಕೋಲಿನ ತುದಿಗೆ ಅದನ್ನು ಹಕ್ಕಿಮರಿಯಂತೆ ತೆಗೆದುಕೊಂಡಳು. ಯಾಮಿನಿ ಆ ಕೈಯನ್ನು ನೋಡಿ ತನ್ನ ಪಕ್ಕದವಳಿಗೆ ಏನೋ ಹೇಳಿದಳು. ಆದರೆ ಬಿಲ್ಲೆಯೊಡನೆ ತಿರುಗಬೇಕಾದಾಗ ಹರಿತಾ ಮತ್ತೆ ನೇರವಾಗಿ ಗೋಡೆಗೆ ಹೋದಳು.

ಬಿಡುವಿನಲ್ಲಿ ಯಾಮಿನಿ ನಮ್ಮ ಬಳಿ ಬಂದಳು. "ಇವಳು ಬೀಳೋದೇ ಇಲ್ವಲ್ಲ. ಎಲ್ಲಿ ಕಲಿತಳು?"

ಮುರಳಿ ಹೊಗಳಿಕೆ ಎಂದುಕೊಂಡು ಗಾಲಿಯ ಸ್ಕೇಟು, ಕಡಪಾ ಕಲ್ಲು, ಅಂಟುನೀರು, ಕಾಲುಚೀಲ ಎಲ್ಲವನ್ನೂ ವಿವರಿಸಿದ. ಅವಳು ತಾಳ್ಮೆಯಿಂದ ಕೇಳಿದಳು.

"ಸರ್, ನಾಲ್ಕು ಗಾಲಿ ಮೇಲಾದ್ರೆ ನೆಟ್ಟಗೆ ನಿಂತೇ ಹೇಗೋ ತಿರುಗಬಹುದು. ಈ ಬ್ಲೇಡಿಗೆ ಒಳಗೊಂದು ಅಂಚು, ಹೊರಗೊಂದು ಅಂಚು ಇದೆ. ಐಸನ್ನ ಕಚ್ಚೋದು ಆ ಅಂಚೇ. ಇವಳು ಎರಡರ ಮಧ್ಯೆ ನಿಂತಿದ್ದಾಳೆ. ವಾಲಬೇಕು. ಇನ್ನೇನು ಬಿದ್ದೆ ಅನ್ನಿಸೋ ಜಾಗದಲ್ಲೇ ತಿರುವು ಸಿಗೋದು."

"ಹಲಗೆಗೆ ಮರದ ತುಂಡು ಹೊಡ್ಸಿರ್ಲಿಲ್ವಾ?" ಎಂದು ಕವಿತ ಕೇಳಿದಳು. "ನಾವು ಹೊಡ್ಸಿದ್ವಿ. ಅದನ್ನ ಒದ್ದೂ ಒದ್ದೂ ಇವ್ಳ ಕಾಲುಚೀಲ ಎಲ್ಲಾ ತೂತು."

ಮುರಳಿ ಅವಳ ಮುಖ ನೋಡಿದ. "ಅದು ಒದೆಯೋಕಾ?"

"ಮತ್ತೆ? ಪಾದದ ಪಕ್ಕೆ ಅದಕ್ಕೆ ಕೊಟ್ಟು, ಒದ್ದು, ವಾಲ್ಕೊಂಡು ಆ ಕಡೆ ಹೋಗ್ಬೇಕಂತೆ. ನಾನೇನು ಕಂಡೆ ಸರ್, ಸುನೀಲ್ ಸರ್ ವಿಡಿಯೊ ಕಳ್ಸಿದ್ರು, ಬಡಗಿ ಹತ್ರ ಹಂಗೇ ಮಾಡ್ಸಿದ್ವಿ."

ಸುನೀಲ್‌ಕುಮಾರ್ ನೆಲ ನೋಡುತ್ತಿದ್ದ. "ನಂಗೂ ಹೊಳೀಲಿಲ್ಲ ಅಂಕಲ್," ಎಂದ ಕೊನೆಗೆ. "ಅಷ್ಟು ಚೆನ್ನಾಗಿ ನಿಲ್ತಿದ್ಲಲ್ಲ, ಅದನ್ನೇ ನೋಡ್ತಾ ಇದ್ದೆ."

ನಾವೆಲ್ಲರೂ ಅದನ್ನೇ ನೋಡುತ್ತಿದ್ದೆವು. ಅವಳು ಕಲಿಯಬೇಕಾದ ಒಂದೇ ಒಂದನ್ನು, ಅದು ನಮ್ಮ ಮನೆಯಲ್ಲಿ ಬೇಡವೆಂದು ಪ್ರೀತಿಯಿಂದ ತೆಗೆದಿಟ್ಟಿದ್ದೆವು.

"ಮಧ್ಯಾಹ್ನ ಇನ್ನೊಂದು ಸುತ್ತು ಇದೆ," ಎಂದಳು ಯಾಮಿನಿ, ಗಡಸಾಗಿ ಅಲ್ಲ. "ಬೀಳು ಅಂತ ನಾನು ಹೇಳಿದೆ, ಆಗ್ತಿಲ್ಲ. ಮನೆಯೋರು ಹೇಳಿದ್ರೆ ಕೇಳ್ತಾಳೇನೋ."

ಹರಿತಾ ಬೆಂಚಿನ ಮೇಲೆ ಕುಳಿತು ನೀರು ಕುಡಿಯುತ್ತಿದ್ದಳು. ಮುರಳಿ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಸ್ಕೇಟಿನ ದಾರ ಬಿಗಿಯಾಗಿಯೇ ಇದ್ದರೂ ಬಿಚ್ಚಿ ಮತ್ತೆ ಕಟ್ಟಿದ. ಹದಿನೇಳು ವರ್ಷ ಅವನ ನಾಲಿಗೆ ಒಂದೇ ಮಾತಿಗೆ ಪಳಗಿತ್ತು. ಅದರ ತದ್ವಿರುದ್ಧದ ಮಾತನ್ನು ಅವನು ಹುಡುಕುತ್ತಿದ್ದುದು ನನಗೆ ಕಾಣುತ್ತಿತ್ತು.

"ಬೀಳಮ್ಮ," ಎಂದ. "ಬಿದ್ರೂ ಏನೂ ಆಗಲ್ಲ. ಕೆಳಗೆ ಬಿಸಿ ಇಲ್ಲ."

"ನಾನು ಟ್ರೈ ಮಾಡ್ತಾನೇ ಇದೀನಪ್ಪ." ಅವಳ ದನಿ ತೆಳ್ಳಗಾಗಿತ್ತು. "ವಾಲಿದ ತಕ್ಷಣ ಕಾಲು ನೆಟ್ಟಗಾಗಿಬಿಡುತ್ತೆ. ನಾನಲ್ಲ ಮಾಡ್ತಿರೋದು, ಅದೇ ಆಗುತ್ತೆ." ನನ್ನ ಕಡೆ ತಿರುಗಿ ನಗಲು ನೋಡಿದಳು. "ಅಜ್ಜಿ ಈ ಕಾಲಿಗೆ ಏನೋ ಮಂತ್ರ ಹಾಕ್ಬಿಟ್ಟವ್ರೆ ತಾತ. ಬಿಡಿಸೋದು ಹೆಂಗೆ?"

ಮಾತಿನ ಮೇಲೆ ನಂಬಿಕೆಯಿಟ್ಟು ಬದುಕಿದವನು ನಾನು. ತರಗತಿಯಲ್ಲಿ ಒಂದು ಸಾಲು ಓದಿದ್ದರಿಂದ ಮಕ್ಕಳ ಇಡೀ ಮಧ್ಯಾಹ್ನವೇ ಬೇರೆಯಾದದ್ದನ್ನು ಕಂಡವನು. ಆದರೆ ಕಿವಿಯಿಂದ ಕಣಕಾಲಿಗೆ ಹೋಗುವ ದಾರಿ ಯಾವ ಮಾತಿಗೂ ಗೊತ್ತಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟೆ. ಹೆಲ್ಮೆಟ್ಟು ತಣ್ಣಗಿತ್ತು.

ಮಧ್ಯಾಹ್ನದ ಸುತ್ತಿನಲ್ಲಿ ಅವಳು ಪ್ರತಿಯೊಂದು ಗೂಟದ ಬಳಿಯೂ ವಾಲಲು ಯತ್ನಿಸಿದಳು. ಭುಜ ವಾಲುತ್ತಿತ್ತು, ತಲೆ ವಾಲುತ್ತಿತ್ತು, ತುಟಿ ಕಚ್ಚಿಕೊಂಡ ಮುಖವೂ. ಸೊಂಟದಿಂದ ಕೆಳಗೆ ಓಬಳಮ್ಮ ನಿಂತಿದ್ದಳು, ಸುಟ್ಟ ಕೈಯನ್ನು ಚಾಚಿ ಮಗುವನ್ನು ಹಿಡಿದುಕೊಂಡು, ಬಿಡದೆ.

ಎಲ್ಲ ಮುಗಿದ ಮೇಲೆ ಯಾಮಿನಿ ತಾನೇ ಬಂದು ಹೇಳಿದಳು. ತನುಜ ಆಯ್ಕೆಯಾಗಿದ್ದಳು. ಹರಿತಾ ಆಗಿರಲಿಲ್ಲ.

"ಇಂಥ ಕೈ ನನಗೂ ಇರ್ಲಿಲ್ಲ. ನಿಜ ಹೇಳ್ತಿದೀನಿ," ಎಂದಳು. "ಆದ್ರೆ ಅಲ್ಲಿ ಎದುರಿಗೆ ಬರೋ ಹುಡುಗೀರು ಚಿಕ್ಕಂದಿನಿಂದ ಹೆಪ್ಪುಗಟ್ಟಿದ ಕೆರೆ ಮೇಲೆ ಆಡ್ದೋರು. ತಿರುಗೋಕೆ ಬರದೋಳನ್ನ ಅವರ ಮುಂದೆ ಬಿಟ್ರೆ ಮೂಳೆ ಮುರಿಯುತ್ತೆ. ನಾನು ಬಿಡಲ್ಲ."

"ಒಂದು ತಿಂಗಳು ಟೈಮ್ ಕೊಡಿ ಮೇಡಂ," ಎಂದ ಮುರಳಿ. "ಮರದ ತುಂಡು ಇವತ್ತೇ ಹೊಡಿಸ್ತೀನಿ."

"ತಂಡ ಮುಂದಿನ ವಾರ ಹೊರಡುತ್ತೆ ಸರ್."

ತನುಜಳ ತಾಯಿ ನಮ್ಮ ಕಡೆ ಬರಲು ಒಂದು ಹೆಜ್ಜೆ ಇಟ್ಟು, ಬೇಡವೆನಿಸಿ, ಮಗಳ ಚೀಲ ಎತ್ತಿಕೊಂಡಳು. ಯಾಮಿನಿಯೂ ಜೊತೆಯವರೂ ಹೊರಟರು. ದೀಪಗಳಲ್ಲಿ ಅರ್ಧ ಆರಿದವು.

ಹರಿತಾ ಹೊರಗೆ ಬಂದಿರಲಿಲ್ಲ. ಖಾಲಿ ಐಸ್ ಮೇಲೆ, ದೂರದ ಗೋಡೆಯ ಬಳಿ ನಿಂತಿದ್ದಳು. ಅಂಗಳ ನೋಡಿಕೊಳ್ಳುವ ಕೆಂಪರಾಜು ಎಂಬವನು ಮಿಷನ್ ನಿಲ್ಲಿಸಬೇಕು ಎಂದು ಬಂದವನು, ಅವಳನ್ನು ನೋಡಿ, ನಮ್ಮನ್ನು ನೋಡಿ, "ಇರ್ಲಿ, ಸ್ವಲ್ಪ ಹೊತ್ತು ಆಡ್ಲಿ," ಎಂದ.

ಅವಳು ಗೋಡೆಯನ್ನು ಬಿಟ್ಟು ಹೊರಟಳು. ಯಾರೂ ಏನೂ ಹೇಳುತ್ತಿರಲಿಲ್ಲ, ಗೂಟಗಳೂ ಇರಲಿಲ್ಲ. ಅಂಗಳದ ನಡುವೆ ಒಮ್ಮೆಲೇ ಅವಳು ಬಿದ್ದಳು. ಅಡ್ಡಡ್ಡ, ಇಡಿಯಾಗಿ, ಭುಜ ಮೊದಲು. ಸದ್ದು ಗಾಜಿನವರೆಗೂ ಬಂತು.

ಮುರಳಿ ಸಣ್ಣ ಬಾಗಿಲ ಕಡೆ ಓಡಿದ. ಕೆಂಪರಾಜು ಅಡ್ಡ ನಿಂತ. "ಸ್ಕೇಟ್ ಇಲ್ದೆ ಒಳಗೆ ಬಿಡೋ ಹಂಗಿಲ್ಲ ಸರ್. ಬೇಜಾರ್ ಮಾಡ್ಕೋಬೇಡಿ."

"ನನ್ ಮಗಳಪ್ಪ ಅವ್ಳು."

"ಗೊತ್ತು ಸರ್. ಎದ್ಳು ನೋಡಿ."

ಅವಳು ಎದ್ದಿದ್ದಳು. ಮತ್ತೆ ಹೊರಟಳು, ಮತ್ತೆ ಬಿದ್ದಳು. ಎಲ್ಲ ಮಕ್ಕಳೂ ಒಂದು ವರ್ಷದ ಪ್ರಾಯದಲ್ಲಿ ಮಾಡುವುದನ್ನು ಅವಳು ಈಗ, ಯಾರಿಗೂ ಬೇಡವಾದ ಹೊತ್ತಿನಲ್ಲಿ, ಒಬ್ಬಳೇ ಮಾಡುತ್ತಿದ್ದಳು. ಮುರಳಿ ಗಾಜಿಗೆ ಎರಡು ಅಂಗೈಯನ್ನೂ ಒತ್ತಿ ನಿಂತಿದ್ದ. ಅವಳು ಬಿದ್ದಾಗಲೆಲ್ಲ ಅವನ ಬೆರಳುಗಳು ಗಾಜನ್ನು ಹಿಡಿಯಲು ನೋಡುತ್ತಿದ್ದವು.

ಎಷ್ಟನೆಯ ಸಲವೋ, ಅವಳು ಎಡಕ್ಕೆ ವಾಲಿದಳು. ಕಾಲು ಅದನ್ನು ತಿದ್ದಲಿಲ್ಲ. ಅಲಗು ಐಸನ್ನು ಕಚ್ಚಿದ ಸದ್ದು, ಹೊಸ ಬಟ್ಟೆ ಹರಿದಂಥ ಸದ್ದು, ನಮಗೆ ಕೇಳಿಸಿತು. ಬಿಳಿಯ ಪುಡಿ ಸ್ವಲ್ಪ ಮೇಲೆದ್ದಿತು. ಅವಳು ಒಂದು ದೊಡ್ಡ ಅರ್ಧವೃತ್ತ ಬರೆದು, ಹೋದ ದಿಕ್ಕಿನಿಂದ ನಮ್ಮ ಕಡೆಗೆ ಮುಖ ಮಾಡಿ ಬಂದು ನಿಂತಳು.

ಅವಳು ಯಾಮಿನಿ ಕುಳಿತಿದ್ದ ಬೆಂಚಿನ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನಮ್ಮ ಕಡೆ ನೋಡಿದಳು. ಅವಳ ಬಾಯಿ ಅಲುಗಿತು. ಸರಿಯಾಯ್ತಾ ಎಂದು ಕೇಳುತ್ತಿದ್ದಳು.

ಮುರಳಿ ನನ್ನ ಮುಖ ನೋಡಿದ, ನಾನು ಸುನೀಲ್‌ಕುಮಾರನ ಮುಖ ನೋಡಿದೆ. ಅವನು ಕೆಂಪರಾಜುವಿನ ಕಡೆ ತಿರುಗಿದ. "ನಾನು ಮಿಷನ್ ನೋಡ್ಕೊಳ್ಳೋನು ಸರ್," ಎಂದ ಕೆಂಪರಾಜು.

ಗಾಜಿನ ಆಚೆ ಅವಳು ಕಾಯುತ್ತಿದ್ದಳು. ನಾವು ಮೂವರೂ ಹೌದೆಂದು ತಲೆಯಾಡಿಸಿದೆವು.